ಮಾರೆಮ್ಮನ ಕಣ್ಣು

ಕುಂಚ ಹಿಡಿದು ಕುಳಿತಿದ್ದ ಗ್ಯಾನಮ್ಮ ಮತ್ತೆ ಎದ್ದು ಹಿತ್ತಲಿಗೆ ಹೋದಳು, ಮತ್ತೆ ಬಂದಳು. ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು! ಮಸ್ಕಿಯ ಆ ಬಡಿಗೇರರ ಮನೆಯ ಮುಂದೆ ಮೂರ್ತಿ ಒಯ್ಯಲು ಗೊರೇಬಾಳ ಊರಿನವರ ಟ್ರ್ಯಾಕ್ಟರ್ ಬಂದು ನಿಂತಿತ್ತು. ಪಡಸಾಲೆಯಲ್ಲಿ ಕಟ್ಟಿಗೆಯ ಮಾರೆಮ್ಮ. ಅರಿಶಿನ ಬಣ್ಣದ ಮೈ, ಕೆಂಪು ಸೀರೆ, ಎಲ್ಲ ಮುಗಿದು ಕಣ್ಣಷ್ಟೇ ಬಾಕಿ. ಆ ಮನೆತನದಲ್ಲಿ ಮೂರ್ತಿ ಕೆತ್ತುವವರು ಗಂಡಸರು, ಕಣ್ಣು ಬರೆಯುವವಳು ಸೊಸೆ. ಬರೆಯುವ ತನಕ ಅದು ಬರೀ ಕಟ್ಟಿಗೆ, ಬರೆದ ಮೇಲೆ ದೇವಿ. ದೇವಿಗೆ ಆ ಮನೆಯೇ ತವರು, ಕಣ್ಣು ಕೊಟ್ಟವಳೇ ತಾಯಿ.

ಆದರೆ ಬರೆಯುವುದಾದರೂ ಹೇಗೆ? ಆ ಗದ್ದ, ಆ ತುಂಬುಗಲ್ಲ... ಎಂಬತ್ತಾರರ ಬೇಸಿಗೆಯಲ್ಲಿ ಮೈಮೇಲೆ ಅಮ್ಮ ಎದ್ದು ತೀರಿಕೊಂಡ ಮಗಳು ಯಮನೂರಮ್ಮನದೇ ಮುಖ! ಗಂಡ ಗದ್ದೆಪ್ಪ ಬೇಕೆಂದು ಮಾಡಿದ್ದಲ್ಲ, ಉಳಿ ತಾನಾಗಿ ಅತ್ತ ಹೊರಳಿತ್ತು. ಲಿಂಗಸುಗೂರಿನ ದವಾಖಾನೆಗೆ ಒಯ್ಯುತ್ತೇನೆಂದು ಗ್ಯಾನಮ್ಮ ಅಂದು ಕಾಲು ಹಿಡಿದರೂ ಅತ್ತೆ ಕರೆಮ್ಮ ಬಿಟ್ಟಿರಲಿಲ್ಲ. ಸೂಜಿ ಚುಚ್ಚಿಸಿದರೆ ಮಾರೆಮ್ಮ ಮುನಿಯುತ್ತಾಳೆ ಎಂದಿದ್ದಳು. ಕೂಸು ಹೋದ ಮೇಲೆ ಅಳಲೂ ಬಿಡಲಿಲ್ಲ. ಅಮ್ಮ ಒಯ್ದವರಿಗಾಗಿ ಅತ್ತರೆ ಅವಳು ಮತ್ತೆ ಮನೆ ಹೊಕ್ಕಾಳಂತೆ. ಅಂಥ ದೇವಿಗೆ ತನ್ನ ಮಗಳ ಮುಖದಲ್ಲಿ ತಾನೇ ಕಣ್ಣು ಕೊಡಬೇಕೇ?

ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸಿದ. ಮಂದಿ ಕಾಯುವಾಗ ಇದೆಂಥ ಮೈಗಳ್ಳತನವೆಂದು ಬೈಯುತ್ತಲೇ ಕರೆಮ್ಮ ಒಳಗೆ ಬಂದಳು.

“ಯಾರನ್ನ ಹೋಲತೈತಿ, ನೀವs ನೋಡ್ರಿ ಅತ್ತಿ” ಎಂದಳು ಗ್ಯಾನಮ್ಮ.

ಮುದುಕಿಗೆ ಕಣ್ಣು ಮಂಜು. ಬಾಗಿ ಮೂರ್ತಿಯ ಕೆನ್ನೆ ಸವರಿದಳು, ಗದ್ದ ಮುಟ್ಟಿದಳು. ಮೊಮ್ಮಗಳಿಗೆ ದಿನಾ ಮುಖ ತೊಳೆಸಿದ ಕೈ ಅದು. ಅದಕ್ಕೆ ಗುರುತು ಹತ್ತಿತು.

“ತಪ್ಪು ನಂದs ಐತವ್ವ... ದವಾಖಾನಿಗೆ ಒಯ್ಯಾಕ ಬಿಡಬೇಕಿತ್ತು” ಎಂದಳು ಕರೆಮ್ಮ. “ನೀ ಕಣ್ಣು ಬರಿ. ಮಗಳು ತವರ ಬಿಟ್ಟು ಹೋಗೂ ಮುಂದ ತಾಯಿ ಅಳಬೇಕು, ಅದು ಪದ್ಧತಿ. ಇವತ್ತ ನಿನ್ನ ಯಾರೂ ತಡಿಯಂಗಿಲ್ಲ. ಅತ್ತುಬಿಡು.”

ಗ್ಯಾನಮ್ಮ ಕುಂಚ ಅದ್ದಿದಳು. ಮಾರೆಮ್ಮನ ಕಣ್ಣೆಂದರೆ ಕಿವಿಯ ತನಕ ಹರಿಯುವ ಕಣ್ಣು. ಒಂದು ಕಣ್ಣು ಬರೆದಾಗ ಮಗಳು ಇನ್ನೂ ಅರ್ಧ ಅಲ್ಲೇ ಇದ್ದಳು. ಇನ್ನೊಂದು ಬರೆದಾಗ ಮಾರೆಮ್ಮ ಮಾತ್ರ ಉಳಿದಳು.

ದೇವಿಗೆ ಉಡಿ ತುಂಬಿ ಟ್ರ್ಯಾಕ್ಟರಿಗೆ ಏರಿಸುವಾಗ ಗ್ಯಾನಮ್ಮ ಬೀದಿಯಲ್ಲೇ ಕುಸಿದು, ಅಷ್ಟು ದಿನ ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ತವರಿನ ತಾಯಿ ಪದ್ಧತಿಯನ್ನು ಎಷ್ಟು ಚೆನ್ನಾಗಿ ನಡೆಸಿಕೊಟ್ಟಳೆಂದು ಗೊರೇಬಾಳದವರು ಮೆಚ್ಚಿಕೊಂಡು ಹೋದರು.