ಹಳೇ ಯಂತ್ರದ ಉತ್ತರ

ಇಂಟರ್ನೆಟ್ಟಿನಲ್ಲಿ ಏನು ಕೆಟ್ಟರೂ ಎಲ್ಲರೂ ಡಿಎನ್‌ಎಸ್ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಆದರೂ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಮುಖರ್ಜಿ ನಗರದ ಕೋಚಿಂಗ್ ಸೆಂಟರಿನಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಆನ್‌ಲೈನ್ ಪರೀಕ್ಷೆ ತೆರೆಯಲೇ ಇಲ್ಲ.

"ಅಯ್ಯಣ್ಣ, ಡಿಎನ್‌ಎಸ್ ತಾನೇ?" ಎಂದರು ಮ್ಯಾನೇಜರ್ ಬೃಂದಾ ಮೇಡಂ.

"ಅಲ್ಲ ಮೇಡಂ!" ಎಂದು ರೇಗಿದೆ. ಆಮೇಲೆ ಹೊಳೆಯಿತು. ಸೈಟಿನ ಹೆಸರು ಕೊಟ್ಟರೆ ವಿಳಾಸ ಹೇಳುತ್ತಿದ್ದ ಹಳೇ ಡಿಎನ್‌ಎಸ್ ಯಂತ್ರವನ್ನು ಹಿಂದಿನ ದಿನವೇ ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟಿದ್ದೆ. ಲ್ಯಾಬಿನ ಕಂಪ್ಯೂಟರುಗಳು ಇನ್ನೂ ಅದನ್ನೇ ಕೇಳುತ್ತಿದ್ದವು. ಅವನ್ನು ಹೊಸ ಯಂತ್ರಕ್ಕೆ ಬದಲಾಯಿಸೋದನ್ನೇ ಮರೆತಿದ್ದೆ.

ನನ್ನನ್ನೇ ಬೈದುಕೊಳ್ಳುತ್ತಾ ಸರ್ವರ್ ರೂಮಿಗೆ ಓಡಿದೆ. ಎಸಿ ಕೆಟ್ಟು ರೂಮು ಕುದಿಯುತ್ತಿತ್ತು. ಖಾಲಿ ಶೆಲ್ಫಿನ ಮೇಲೆ ಹಳೇ ಯಂತ್ರದ ಕೇಬಲ್ಲು ಮಾತ್ರ ಬಿದ್ದಿತ್ತು. ಎತ್ತಿಕೊಂಡರೆ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಈ ತುದಿಗೆ ಏನೂ ಇಲ್ಲದಿದ್ದರೂ, ಇನ್ನೊಂದು ತುದಿ ಸಿಕ್ಕಿಸಿದ್ದ ನೆಟ್‌ವರ್ಕ್ ಡಬ್ಬದಲ್ಲಿ ಯಂತ್ರ ಸಿಕ್ಕಿದ ಹಾಗೆ ಹಸಿರು ದೀಪ ಮಿನುಗತೊಡಗಿತು.

"ಚಲ್ ಗಯಾ, ಸರ್!" ಎಂದು ಲ್ಯಾಬಿನಿಂದ ಹುಡುಗರು ಕೂಗಿದರು. ಪರೀಕ್ಷೆ ತೆರೆದುಕೊಂಡಿತ್ತು. ನಾನಿನ್ನೂ ಏನೂ ಸರಿಮಾಡಿರಲಿಲ್ಲ.

"ನಾನು ಹೇಳಲಿಲ್ವಾ?" ಎಂದು ಮೇಡಂ ನಕ್ಕರು.

ಸಿಟ್ಟಿನಲ್ಲಿ ಆ ಕೇಬಲ್ಲನ್ನೇ ಕಿತ್ತು ಬಿಸಾಡಿದೆ. ಲ್ಯಾಬಿನ ಕಂಪ್ಯೂಟರುಗಳು ಈಗಲೂ ಹಳೇ ಯಂತ್ರವನ್ನೇ ಕೇಳುತ್ತವೆ. ಉತ್ತರ ಬರುತ್ತಲೇ ಇದೆ.