ಮಾಳಿಗೆ ಅಳೆಯಲು ಬಂದವನು

ಮಾಲತೇಶ್ ಕೇಳಿದ ಮೊದಲ ಪ್ರಶ್ನೆಗೇ ಗಂಗಾಂಬಿಕಾಳ ಹುಬ್ಬು ಮೇಲೇರಿತು.

"ಮನ್ಯಾಗ ಎಷ್ಟ್ ಮಂದಿ ಇರ್ತೀರ್ರಿ?"

"ಸೋಲಾರಿಗೂ ಮಂದಿಗೂ ಏನ್ರಿ ಸಂಬಂಧ?"

"ಮಂದಿ ಇದ್ದಷ್ಟು ಫ್ಯಾನು, ಫ್ಯಾನ್ ತಿರುಗಿದಷ್ಟು ಯೂನಿಟ್ಟು," ಎಂದು ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕಡ್ಡಿರಾಂಪುರದ ರಸ್ತೆ ಬದಿಯ ಆ ಮನೆಯಲ್ಲಿದ್ದವರು ಇಬ್ಬರೇ, ತಂದೆ ವಿರೂಪಾಕ್ಷಪ್ಪ ಮತ್ತು ಅವಳು. ಕೆಳಗಿನ ಎರಡು ಕೋಣೆಗಳನ್ನು ಹಂಪಿ ನೋಡಲು ಬರುವವರಿಗೆ ಹೋಮ್‌ಸ್ಟೇ ಎಂದು ಕೊಡುತ್ತಿದ್ದರು. ಮಾಳಿಗೆಯ ಮೇಲೆ ಸೋಲಾರ್ ಕೂರಿಸಬೇಕೆಂಬ ಆಸೆ ಅವಳದೇ. ಹೊಸಪೇಟೆಯ ಕಂಪನಿಯೊಂದಕ್ಕೆ ಫೋನ್ ಮಾಡಿದವಳೂ ಅವಳೇ. ಆದರೂ ಅವರು ಕಳಿಸಿದ ಈ ಕಂಪ್ಲಿಯ ಇಂಜಿನಿಯರ್ ಮೆಟ್ಟಿಲು ಹತ್ತಿ ಬಂದಾಗಿನಿಂದ ಅವಳ ಮನಸ್ಸು ಬಾಗಿಲು ಹಾಕಿಕೊಂಡೇ ಕೂತಿತ್ತು.

ಕಾರಣವಿತ್ತು. ಹೆಣ್ಣು ಕೇಳುವ ಮೊದಲು ಯಾರನ್ನಾದರೂ ಗುಟ್ಟಾಗಿ ಕಳಿಸಿ ಮನೆ ನೋಡಿಕೊಂಡು ಬರುವುದು ಅವರ ಬಳಗದಲ್ಲಿ ಇದ್ದದ್ದೇ. ಹೋದ ವರ್ಷ ಹೀಗೇ ಒಬ್ಬ ಕೇಬಲ್ ರಿಪೇರಿಯವನೆಂದು ಹೇಳಿಕೊಂಡು ಬಂದಿದ್ದ. ಬಿಸಿಲಲ್ಲಿ ಬಂದಿದ್ದಾನೆಂದು ಅವಳು ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು, ಊರು ಕೇರಿ ವಿಚಾರಿಸಿದಳು. ವಾರದೊಳಗೆ ಸೋದರತ್ತೆ ನೀಲಗಂಗಮ್ಮನ ಫೋನಿನಲ್ಲಿ ಸುದ್ದಿ ಬಂತು. ಹುಡುಗಿಗೆ ಮಾತು ಜಾಸ್ತಿಯಂತೆ, ಸಂಬಂಧ ಬೇಡವಂತೆ.

ಅವನನ್ನು ಕಳಿಸಿದ್ದ ವರನ ಮುಖವನ್ನೂ ಅವಳು ನೋಡಿರಲಿಲ್ಲ. ಅವಳು ಕಳೆದುಕೊಂಡದ್ದು ಆ ವರನನ್ನಲ್ಲ. ಯಾರು ಬಂದರೂ ಕುಂದ್ರಿ ಎನ್ನುತ್ತಿದ್ದ ಅವಳ ಬಾಯಿಯ ಸಲಿಗೆ ಹೋಗಿತ್ತು. ಇನ್ನು ಮುಂದೆ ಯಾರೂ ತನ್ನನ್ನು ಕದ್ದು ತೂಗಬಾರದು. ಅವಳು ದೇವರಲ್ಲಿ ಬೇಡಿಕೊಂಡಿದ್ದು ಅದೊಂದನ್ನೇ. ಈಗ ನೋಡಿದರೆ, ಕಂಪ್ಲಿ ಕಡೆ ಒಂದು ಒಳ್ಳೆ ಮನೆತನ ಐತಿ ಎಂದು ಅತ್ತೆ ಮೊನ್ನೆಯಷ್ಟೇ ಹೇಳಿದ್ದರು. ಅಲ್ಲಿಂದಲೇ ಇವನು ಬಂದಿದ್ದ.

"ಕರೆಂಟ್ ಹೋದಾಗ ಇದು ನಡೀತೈತಲ್ಲ?" ಎಂದು ಪರೀಕ್ಷಿಸಿದಳು.

"ಇಲ್ರಿ. ಇದು ಲೈನಿಗೆ ಜೋಡಿಸೋದು. ಲೈನ್ ಹೋದ್ರ ಇದೂ ತಂತಾನ ಬಂದ್ ಆಗತೈತಿ. ಇಲ್ಲಾಂದ್ರ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನಿ ಕರೆಂಟು ಹೊಡೀತೈತಿ."

ಮಾರಲು ಬಂದವನು ಇಷ್ಟು ನಿಜ ಹೇಳುವುದುಂಟೇ? ಹಾಗಾದರೆ ಇವನು ಮಾರಲು ಬಂದವನಲ್ಲ. ಅವಳ ಅನುಮಾನ ಇನ್ನಷ್ಟು ಬಲಿಯಿತು.

"ಹಳೇ ಬಿಲ್ ನೋಡೀನ್ರಿ," ಎಂದ ಅವನು ಫೋನಿನಲ್ಲಿ ಬೆರಳಾಡಿಸುತ್ತ. "ಅದು ಹಿಂದಿನ ಮಾತು. ಮುಂದಿನದು ನೀವ ಹೇಳಬೇಕು. ಬರೋ ವರ್ಷ ಈ ಮನ್ಯಾಗ ನೀವು ಇರ್ತೀರೇನ್ರಿ?"

ಸಿಕ್ಕಿಬಿದ್ದ, ಎಂದುಕೊಂಡಳು.

"ಇರ್ತೀನಿ. ಇಲ್ಲೇ ಮುದುಕಿ ಆಗ್ತೀನಿ. ಬರಕೋರಿ. ಮುಂದಿನ ತಿಂಗಳು ಮೂರು ಎಸಿ ಬರ್ತಾವ. ಎಸಿ ಇಲ್ದಿದ್ರ ನನಗ ನಿದ್ದಿ ಹತ್ತಂಗಿಲ್ಲ. ಬೆಳಿಗ್ಗೆ ಹತ್ತರ ತನಕ ಏಳಂಗಿಲ್ಲ."

"ಅಡಿಗಿಗೆ?"

"ಅಡಿಗಿ ಬರಂಗಿಲ್ಲ. ಎಲ್ಲಾ ಓವನ್‌ನಾಗ ಬಿಸಿ ಮಾಡ್ಕೊಂಡು ತಿನ್ನೋದು."

"ಓವನ್ ದೊಡ್ಡದೇನ್ರಿ?"

"ಭಾಳ ದೊಡ್ಡದು. ಇನ್ನೂ ತಂದಿಲ್ಲ."

ಅಡುಗೆಮನೆಯಿಂದ ಅವಳೇ ಮಾಡಿಟ್ಟ ಎಣ್ಣೆಗಾಯಿಯ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಅವನು ಒಮ್ಮೆ ಗಾಳಿಯನ್ನು ಮೂಸಿದ, ಒಮ್ಮೆ ಅವಳ ಕಡೆ ನೋಡಿದ, ಮತ್ತೆ ತಲೆ ತಗ್ಗಿಸಿದ. ಗುಳಿ ಬಿದ್ದದ್ದು ಮಾತ್ರ ಮುಚ್ಚಿಡಲಾಗಲಿಲ್ಲ.

ಐದಾರು ದಿನಕ್ಕೆ ಮತ್ತೆ ಬಂದ. ನೆರಳು ನೋಡಬೇಕಂತೆ.

ಮನೆಯ ದಕ್ಷಿಣಕ್ಕೆ, ಮಾಳಿಗೆಯನ್ನೂ ಮೀರಿ, ಪತ್ರಿ ಗಿಡ ಬೆಳೆದಿತ್ತು. ವಿರೂಪಾಕ್ಷಪ್ಪನ ಲಿಂಗಪೂಜೆಗೆ ದಿನವೂ ಅದರದೇ ಬಿಲ್ವ. ಮೂರೆಲೆಯ ನೆರಳುಗಳು ಮಾಳಿಗೆಯ ಮೇಲೆ ಅಲುಗಾಡುತ್ತಿದ್ದವು. ಮಾಲತೇಶ್ ಅವುಗಳ ಫೋಟೋ ತೆಗೆದ.

"ಫೋಟೋದಾಗ ನಾನೂ ಬಂದೀನೇನು?" ಅವಳ ದನಿ ಚೂಪಾಗಿತ್ತು.

"ನೀವು ಬಂದಿಲ್ರಿ. ನಿಮ್ಮ ಜಡಿ ನೆರಳು ಬಂದೈತಿ."

"ತೋರಸ್ರಿ."

ತೋರಿಸಿದ. ಎಲೆಗಳ ನಡುವೆ ಅವಳ ಜಡೆಯ ತುದಿ ಬಳ್ಳಿಯಂತೆ ಬಿದ್ದಿತ್ತು. ಇಬ್ಬರೂ ಒಂದೇ ಪರದೆಯ ಮೇಲೆ ಬಾಗಿದ್ದರು. ಅವನ ಅಂಗಿಯಿಂದ ಬಿಸಿಲಿನಲ್ಲಿ ಒಣಗಿದ ಬಟ್ಟೆಯ ವಾಸನೆ ಬಂತು.

"ಅಳಿಸ್ಲೇನ್ರಿ?"

"ಬ್ಯಾಡ," ಎಂದುಬಿಟ್ಟು, "ಅಳತಿಗೆ ಬೇಕಾದೀತು," ಎಂದು ಸೇರಿಸಿದಳು.

ಆ ಸಂಜೆ ಮೆಟ್ರಿ ಊರಿನಲ್ಲಿದ್ದ ಗೆಳತಿ ಸುಮಲತಾಳಿಗೆ ಫೋನ್ ಹಚ್ಚಿದಳು. ಅವರ ಮನೆಯ ಮೇಲೆ ಆಗಲೇ ಸೋಲಾರ್ ಇತ್ತು.

"ನಮ್ಮಲ್ಲಿ ಒಂದ ಸಲ ಬಂದು ಎಲ್ಲಾ ಅಳದು ಹೋದರಲೇ. ಚಹಾ ಆರೋದ್ರಾಗ ಮುಗೀತು. ನಿಮ್ಮವ ಮಾಳಿಗಿ ಅಳೀತಾನೋ ನಿನ್ನ ಅಳೀತಾನೋ?"

ಸುಮಲತಾ ನಕ್ಕಳು. ಗಂಗಾಂಬಿಕಾ ನಗಲಿಲ್ಲ.

ಮೂರನೆಯ ಸಲ ಅವನು ನಕ್ಷೆಯನ್ನೇ ತಂದ. ವಿರೂಪಾಕ್ಷಪ್ಪ ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಹಣೆಯಲ್ಲೇ ಮಾಳಿಗೆಗೆ ಬಂದಿದ್ದರು. ತುಟಿಯ ಮೇಲೆ ಬೆಳಗಿನ ವಚನದ ಗುನುಗು ಇನ್ನೂ ಉಳಿದಿತ್ತು.

"ಮೂರು ಎಸಿ, ದೊಡ್ಡ ಓವನ್ ಅಂದ್ರ ಮಾಳಿಗಿ ಪೂರಾ ಪ್ಯಾನೆಲ್ ಬೇಕ್ರಿ ಅಪ್ಪಾರ," ಎಂದ ಮಾಲತೇಶ್ ತಡೆತಡೆದು. "ಹಂಗಾದ್ರ ಈ ಪತ್ರಿ ಗಿಡದ ನೆರಳು ಅಡ್ಡ ಬರತೈತಿ. ಮ್ಯಾಲಿನ ಕೊಂಬಿ ಎಲ್ಲಾ ಕಡದು ಇಳಸಬೇಕಾಗತೈತಿ."

ಗುನುಗು ನಿಂತಿತು.

"ಎಸಿ ಯಾರಿಗವ್ವ?" ಎಂದು ಮಗಳನ್ನು ಕೇಳಿದರು. ಆಮೇಲೆ ಗಿಡದ ಕಡೆ ಒಮ್ಮೆ ನೋಡಿದರು. "ಇರಲಿ ಬಿಡು. ನಿನಗ ಸೆಕಿ ಆಗತಿದ್ರ ಇಳಸಲಿ. ಪತ್ರಿ ಸಂತ್ಯಾಗೂ ಸಿಗತೈತಿ." ಅಷ್ಟು ಹೇಳಿ, ಗೋಡೆ ಹಿಡಿದು ಕೆಳಗಿಳಿದು ಹೋದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

"ಎಸಿ ಇಲ್ರಿ," ಎಂದಳು. "ಓವನ್ನೂ ಇಲ್ಲ. ಎಲ್ಲಾ ಸುಳ್ಳು ಹೇಳಿದೆ."

"ಅಡಿಗಿ ಸುಳ್ಳು ಅವತ್ತ ಗೊತ್ತಾತು. ಎಸಿ ಖರೇ ಅನ್ಕೊಂಡಿದ್ದೆ." ಅವನು ಕೋಪಿಸಿಕೊಳ್ಳಲಿಲ್ಲ. "ಯಾಕ್ರಿ ಹಂಗ?"

"ನಿಮ್ಮನ್ನ ಯಾರು ಕಳಿಸ್ಯಾರ? ಖರೇ ಹೇಳ್ರಿ."

ಕೆಳಗೆ ರಸ್ತೆಯಲ್ಲಿ ಹಂಪಿಯ ಆಟೋವೊಂದು ಸದ್ದು ಮಾಡುತ್ತ ಹೋಯಿತು. ಅವನು ನಕ್ಷೆಯನ್ನು ಕೆಳಗಿಟ್ಟ.

"ಮೊದಲನೇ ಸಲ ಕಂಪನಿ ಕಳಿಸ್ತು. ಆಮ್ಯಾಲೆ ಯಾರೂ ಕಳಿಸಿಲ್ಲ. ನೆರಳಿನ ಅಳತಿ ಅವತ್ತ ಮುಗದಿತ್ತು." ಕಣ್ಣೆತ್ತಿ ಅವಳನ್ನು ನೋಡಿದ. ಈ ಸಲ ಗುಳಿ ಬೀಳಲಿಲ್ಲ. "ಇಷ್ಟು ಚಂದ ಸುಳ್ಳು ಹೇಳೋರು ಖರೇ ಮಾತು ಹೆಂಗ ಆಡ್ತಾರ ಅಂತ ಕೇಳಬೇಕು ಅನ್ನಿಸ್ತು. ಅದಕ್ಕ ಬಂದೆ."

ಅವಳ ಅನುಮಾನ ಸುಳ್ಳಾಗಿರಲಿಲ್ಲ, ಅವನು ನೋಡಲೆಂದೇ ಬಂದಿದ್ದ. ಆದರೆ ಯಾರ ಪರವಾಗಿಯೂ ಅಲ್ಲ. ಎದೆ ಹಗುರಾಗಬೇಕೋ ಉರಿಯಬೇಕೋ ತಿಳಿಯದೆ, ಕೇಬಲ್ ರಿಪೇರಿಯವನ ಕಥೆಯನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ವರ್ಷದಿಂದ ಯಾರ ಮುಂದೆಯೂ ಇಷ್ಟು ಮಾತಾಡಿರಲಿಲ್ಲ.

"ಅಂದ್ರ ನಾನೂ ಅವನಂಗ ಕದ್ದು ನೋಡಿದಂಗಾತು," ಎಂದ ಮಾಲತೇಶ್. ನಕ್ಷೆ ಸುತ್ತಿಟ್ಟುಕೊಂಡ. "ತಪ್ಪಾತ್ರಿ. ನಿಮಗ ಬೇಕಾಗಿದ್ದು ಸಣ್ಣ ಸೆಟ್ಟು, ಉತ್ತರದ ಕಡೆ ಅರ್ಧ ಮಾಳಿಗಿ ಸಾಕು. ಪತ್ರಿ ಗಿಡದ ಒಂದ ಎಲಿ ಮುಟ್ಟಂಗಿಲ್ಲ. ಕೂರಸಾಕ ಬ್ಯಾರೆಯವರನ್ನ ಕಳಿಸ್ತೀನಿ, ನಾನು ಬರಂಗಿಲ್ಲ."

ಮೆಟ್ಟಿಲಿಗೆ ಕಾಲಿಟ್ಟ. ಅವಳು ಬೇಡಿಕೊಂಡದ್ದು ನೆರವೇರುವುದರಲ್ಲಿತ್ತು. ಕದ್ದು ನೋಡುವ ಕಣ್ಣು ತಾನಾಗಿಯೇ ಹೊರಟಿತ್ತು. ಹೊರಟದ್ದು ಅವಳಿಗೆ ಬೇಡವಾಗಿತ್ತು.

"ನಿಲ್ರಿ. ನಿಮ್ಮ ಮನಿ ಕಂಪ್ಲ್ಯಾಗ ಎಲ್ಲಿ?"

"ಹಳೇ ಕ್ವಾಟಿ ಗೋಡಿ ಹತ್ರ. ಯಾಕ್ರಿ?"

"ಸೋಮವಾರ ಅಪ್ಪನ್ನ ಕರ್ಕೊಂಡು ನೋಡಾಕ ಬರ್ತೀನಿ. ಯಾರನ್ನೂ ಕಳಸಂಗಿಲ್ಲ. ಬಾಗಲದಾಗ ನಿಂತು ನನ್ನ ಹೆಸರು ಹೇಳಿ ಒಳಗ ಬರ್ತೀನಿ. ಕೇಳೋದೆಲ್ಲಾ ಎದುರಿಗೇ ಕೇಳ್ತೀನಿ. ನಡೀತೈತೇನು?"

ಅವನು ಆಗಲೆಂದು ತಲೆಯಾಡಿಸಿದ. ಕೆಳಗಿಳಿಯುವಾಗ ಗೋಡೆಗೆ ಭುಜ ತಾಗಿಸಿಕೊಂಡ.

ಅವಳು ಮಾಳಿಗೆಯಿಂದ ಬಗ್ಗಿ ನೋಡಿದಳು. ಬೈಕಿನ ಪಕ್ಕ ನಿಂತು ಅವನು ಫೋನಿನಲ್ಲಿ ಮಾತಾಡುತ್ತಿದ್ದ.

"ಅವ್ವಾ, ಸೋಮವಾರ ಒಬ್ಬರು ನಮ್ಮ ಮನಿ ನೋಡಾಕ ಬರ್ತಾರ... ಬಾಡಿಗಿಗಲ್ಲ ಬೇ. ಕಾಯಂ ಇರಾಕ."

"ಅದು ನೋಡಿದ ಮ್ಯಾಲ್ರೀ," ಎಂದಳು ಗಂಗಾಂಬಿಕಾ ಮೇಲಿನಿಂದ.