ಲೇಸಿನ ಸುತ್ತ ಬಿಳಿ ಚೌಕ

"ನನ್ನನ್ನ ಸುಳ್ಳುಗಾರ ಅಂತ ಬರೆದೋರು ನೀವೇನಾ?"

ರಲಿತ್ಸಾ ಕಂಪ್ಯೂಟರ್‌ನಿಂದ ತಲೆ ಎತ್ತಿದಳು. ಪ್ಲೊವ್‌ದಿವ್ ನಗರದ ಆ ಪುಟ್ಟ ಆಫೀಸಿನ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

ಝಹಾರಿ!

ಇಷ್ಟು ದಿನ ಫೋನಿನ ಚಾಟ್‌ನಲ್ಲಷ್ಟೇ ಪರಿಚಯವಿದ್ದವನು. ಕಲೋಫೆರ್ ಊರಿನಲ್ಲಿ ತಾಯಿ ಪೆಂಕಾ ಹೆಣೆಯುವ ಲೇಸ್ ಮಾರಲು ಅವಳ ಕೈಲಿ ವೆಬ್ ಪುಟ ಮಾಡಿಸುತ್ತಿದ್ದ. ಲೇಸಿನ ಅಂಗಡಿ ಮುಚ್ಚಿದ ಮೇಲೆ ತಾಯಿ ಮಗನಿಗೆ ಉಳಿದಿದ್ದ ದಾರಿ ಅದೊಂದೇ.

"ಹೌದು, ನಾನೇ!" ಅವಳೂ ಎದ್ದು ನಿಂತಳು. "ಹಿನ್ನೆಲೆ ತೆಗೆದು, ಪಾರದರ್ಶಕವಾಗಿ ಉಳಿಸಿ ಕಳಿಸಿ ಅಂತ ಎಷ್ಟು ಸಲ ಬಡ್ಕೊಂಡೆ? ಖಾಲಿ ಜಾಗ ಖಾಲಿಯಾಗೇ ಉಳಿಸೋ ಪಿಎನ್‌ಜಿ ಫೈಲ್ ಕೇಳಿದ್ರೆ, ಪ್ರತಿ ಸಲ ಬಿಳಿ ತುಂಬೋ ಜೆಪಿಜಿ! ನೋಡಿ ಇಲ್ಲಿ!"

ಪರದೆಯ ಮೇಲೆ ಕಡುಗೆಂಪು ಪುಟ. ನಡುವೆ ಹೂವಿನಂಥ ಲೇಸು. ಅದರ ಸುತ್ತ, ಅದರ ಪ್ರತಿ ತೂತಿನಲ್ಲೂ ಬಿಳಿ... ಗೋಡೆಗೆ ಬ್ಯಾಂಡೇಜ್ ಅಂಟಿಸಿದ ಹಾಗೆ!

"ನಾನು ಪಿಎನ್‌ಜಿನೇ ಉಳಿಸಿದ್ದು ಮೇಡಂ."

"ಹಾಗಾದ್ರೆ ಈ ಬಿಳಿ ಬಣ್ಣ ಆಕಾಶದಿಂದ ಉದುರ್ತಾ?"

ಝಹಾರಿ ಚೀಲದಿಂದ ಲೇಸೊಂದನ್ನು ತೆಗೆದು ಅವಳ ಮೇಜಿನ ಮೇಲೆ ಹರಡಿದ. "ಇದರ ಒಂದೊಂದು ತೂತೂ ಎಷ್ಟು ಸಣ್ಣದು ನೋಡಿ. ಎಲ್ಲದರಲ್ಲೂ ಹಿನ್ನೆಲೆ ಅಳಿಸಿದ್ದೀನ್ರೀ, ಕಣ್ಣು ಉರಿಯೋವರೆಗೂ! ಬೈಸ್ಕೊಳ್ಳೋಕೆ ಇಷ್ಟೆಲ್ಲ ಮಾಡಿದ್ನಾ? ಬೇಡ, ಪುಟಾನೇ ಬೇಡ. ಅಮ್ಮನಿಗೆ ನಾನೇ ಏನೋ ಹೇಳ್ಕೋತೀನಿ."

ಲೇಸನ್ನು ಅಲ್ಲೇ ಬಿಟ್ಟು ಹೊರಟೇಬಿಟ್ಟ.

'ಹೋಗ್ಲಿ! ನನಗೇನು?' ಎಂದುಕೊಂಡಳು. ಆದರೆ ಚಿತ್ರದ ಜೊತೆ ಅವನು ಬರೆಯುತ್ತಿದ್ದ ಒಂದೆರಡು ಮಾತಿಗೆ ಅವಳು ದಿನವೂ ಕಾಯುತ್ತಿದ್ದಳು. 'ಇವತ್ತು ಅಮ್ಮ ಚೀಸ್ ತುಂಬಿದ ಬಾನಿತ್ಸಾ ಸೀಯಿಸಿ ಬೈಗುಳ ನನಗೆ ಕೊಟ್ಟಳು' ಎಂದು ಬರೆದು ನಗಿಸಿದವನು ಸುಳ್ಳು ಹೇಳುತ್ತಿದ್ದಾನಲ್ಲಾ ಎಂಬುದೇ ಅವಳ ಸಂಕಟವಾಗಿತ್ತು.

ಹಟಕ್ಕೆ ಬಿದ್ದು, ಆ ಲೇಸಿನ ಫೋಟೋ ತಾನೇ ತೆಗೆದಳು. ಹಿನ್ನೆಲೆ ಅಳಿಸಲು ಕೂತಳು. ಒಂದು ತೂತು ಮುಗಿದರೆ ಇನ್ನೊಂದು! ಸ್ವಲ್ಪ ಕೈ ತಪ್ಪಿದರೆ ದಾರವೇ ಮಾಯ! 'ಅಯ್ಯೋ, ಈ ಮನುಷ್ಯ ಹೇಗೆ ಮಾಡ್ದ?'

ಮರುದಿನ ಮಧ್ಯಾಹ್ನ ಕೆಲಸ ಮುಗಿಯಿತು. ಪಿಎನ್‌ಜಿಯಾಗಿ ಉಳಿಸಿ, ಫೋನಿಗೆ ಹಾಕಿಕೊಂಡು, ಚಾಟ್‌ನಲ್ಲಿ ಯಜಮಾನಿ ಸ್ತಾನಿಮಿರಾಗೆ ಕಳಿಸಿದಳು.

ಪಕ್ಕದ ಕೋಣೆಯಿಂದಲೇ ಕೂಗು ಬಂತು. "ರಲಿತ್ಸಾ! ಏನೇ ಇದು, ನೀನೂ ಬಿಳಿ ಚೌಕ ಕಳಿಸ್ತಿದ್ದೀಯಾ?"

ಅವಳು ಓಡಿಹೋಗಿ ನೋಡಿದಳು. ಹೌದು, ಬಿಳಿ. ಹೌದು, ಜೆಪಿಜಿ!

ಚಾಟ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಜೆಪಿಜಿ ಮಾಡಿಬಿಡುತ್ತದೆ. ಖಾಲಿ ಜಾಗಕ್ಕೆಲ್ಲ ಬಿಳಿ ಬಣ್ಣ ತುಂಬುತ್ತದೆ. ಅವಳಿಗೆ ತಿಳಿಯದ ವಿಷಯವಲ್ಲ. ಸಿಟ್ಟಿನಲ್ಲಿ ಹೊಳೆದಿರಲಿಲ್ಲ, ಅಷ್ಟೇ.

ಅದಕ್ಕಿಂತ ಹೆಚ್ಚಾಗಿ, 'ಮೇಲ್ ನೋಡೋಕೆ ಪುರುಸೊತ್ತಿಲ್ಲ, ಚಾಟ್‌ನಲ್ಲೇ ಕಳಿಸಿ' ಎಂದು ಝಹಾರಿಗೆ ಹೇಳಿದವಳು ಅವಳೇ!

ರಲಿತ್ಸಾ ಕೋಟು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು.

ಕಲೋಫೆರ್‌ನ ಮನೆಯ ಬಾಗಿಲು ತೆರೆದವರು ಪೆಂಕಾ. ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ನನ್ನ ಮಗನ ನಿದ್ದೆ ಕೆಡಿಸಿದ ಹುಡುಗಿ ನೀನೇನಾ? ಒಳಗೆ ಬಾ ಮಗಳೇ. ಬೈಯೋದಿದ್ರೆ ತಿಂದು ಬೈ."

"ಬೈಯೋಕಲ್ಲಮ್ಮಾ... ಬೈಸ್ಕೊಳ್ಳೋಕೆ ಬಂದೆ."

ಒಳಗಿದ್ದ ಝಹಾರಿ ಕುರ್ಚಿ ಬಿಟ್ಟು ಎದ್ದ. ಅವಳು ಅವನ ಕಂಪ್ಯೂಟರ್ ಮುಂದೆ ಕೂತಳು. ಅವನು ಉಳಿಸಿಟ್ಟಿದ್ದ ಮೂಲ ಚಿತ್ರವನ್ನು ನೇರವಾಗಿ ಪುಟಕ್ಕೆ ಏರಿಸಿದಳು.

ಕಡುಗೆಂಪು ಪುಟದ ಮೇಲೆ ಲೇಸು ಅರಳಿತು. ಪ್ರತಿ ತೂತಿನಲ್ಲೂ ಕೆಂಪು. ಎಳೆಯೊಂದೂ ಹರಿದಿರಲಿಲ್ಲ.

ಪೆಂಕಾ ಪರದೆಯ ಹತ್ತಿರ ಬಗ್ಗಿದರು. "ನನ್ನದೇ..." ಎಂದವರು, ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು.

"ಚಾಟ್‌ನದ್ದೇ ತಪ್ಪು," ಎಂದಳು ರಲಿತ್ಸಾ. "ಅಲ್ಲ... ನನ್ನದು. ನೀವು ನಿಜಾನೇ ಹೇಳಿದ್ರಿ. ಕ್ಷಮಿಸ್ತೀರಾ?"

"ಫೋನ್‌ನಲ್ಲೇ ಹೇಳಬಹುದಿತ್ತಲ್ಲ. ಇಷ್ಟು ದೂರ ಯಾಕೆ ಬಂದ್ರಿ?"

"ಇಷ್ಟೆಲ್ಲ ಜಗಳ ಆಡಿದ್ರೂ ನಿಮ್ಮ ಮೆಸೇಜ್ ಬಂತಾ ಅಂತಲೇ ನೋಡ್ತಿರ್ತೀನಿ. ತಲೆ ಕೆಟ್ಟೋಗಿದೆ ನಂಗೆ! ನೀವಂದ್ರೆ ಇಷ್ಟ ಕಣ್ರೀ... ಸಾಕಾ?"

ಝಹಾರಿ ಕುರ್ಚಿ ಎಳೆದು ಅವಳ ಪಕ್ಕಕ್ಕೇ ಕೂತ.

"ಮೊದಲನೇ ಚಿತ್ರ ಒಂದನ್ನೇ ನಾನು ಗೊತ್ತಿಲ್ದೆ ಜೆಪಿಜಿಯಾಗಿ ಉಳಿಸಿದ್ದು," ಎಂದ ಮೆಲ್ಲಗೆ. "ಆಮೇಲೆ ನನ್ನ ಫೈಲ್ ಸರಿ ಇದೆ ಅಂತ ಗೊತ್ತಿದ್ರೂ ಅದನ್ನೇ ಮತ್ತೆ ಮತ್ತೆ ಕಳಿಸ್ತಿದ್ದೆ. ಬೈದಾದ್ರೂ ಬರೀತೀರಲ್ಲಾ ಅಂತ."

"ಅಯ್ಯೋ ದೇವ್ರೇ! ನಿಮ್ಮನ್ನ...!"

"ಬೈಯಿರಿ. ಈಗ ಎದುರಿಗೇ ಇದ್ದೀನಲ್ಲ."

ಅವಳು ಬೈಯಲಿಲ್ಲ. ಅವನ ತೋಳಿಗೆ ಹಣೆ ಒರಗಿಸಿದಳು.